ಹಿಟ್ಟು, ಬಟ್ಟಲು, ವಾರ: ನಾನು ಕಲಿಸಿದ ಜಗಳದ ಇಂಗ್ಲಿಷು

ಇಂಗ್ಲಿಷಿನಲ್ಲಿ ನಾನು ಮೊದಲು ಕಲಿತ ಮಾತುಗಳು ಹೂವಿನವಲ್ಲ, ಹಕ್ಕಿಯವಲ್ಲ, ಹೊಡೆದಾಟದವು. ನನ್ನ ತವರು ನರಗುಂದ. ಅಪ್ಪ ಅಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದರು. ಸಂಜಿ ಮನಿಗೆ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಕೂತರೆಂದರೆ ಅಂದಿನ ಖಟ್ಲೆಗಳ ಸುದ್ದಿ ಸುರುವಾಗುತ್ತಿತ್ತು. ಬದುವಿನ ಸಲುವಾಗಿ ಅಣ್ಣ ತಮ್ಮನ ತಲೆ ಒಡೆದದ್ದು, ಮೇವಿನ ಸಲುವಾಗಿ ನೆರೆಯವರು ಕುಡಗೋಲು ಎತ್ತಿದ್ದು. ಕನ್ನಡದ ನಡುನಡುವೆ ಇಂಗ್ಲಿಷ್ ಮಾತು ಉದುರುತ್ತಿದ್ದವು: ಅಸಾಲ್ಟ್, ಥ್ರೆಟ್, ಕ್ವಾರೆಲ್. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತ ಕಲ್ಲು ಆರಿಸಿ ಚೆಲ್ಲುತ್ತಿದ್ದೆ, ಈ ಮಾತುಗಳನ್ನು ಆರಿಸಿ ಇಟ್ಟುಕೊಳ್ಳುತ್ತಿದ್ದೆ.

"ಅಪ್ಪಾ, ಕ್ವಾರೆಲ್ ಅಂದ್ರೇನು?"

"ನಿಮ್ಮವ್ವ ನಾನು ದಿನಾ ಮಾಡತೀವಲ್ಲ, ಅದು."

ಒಲಿಯ ಮುಂದಿನಿಂದ ಅವ್ವ: "ನಾ ಎಲ್ಲಿ ಮಾಡತೀನ್ರಿ? ನೀವೊಬ್ಬರ ಮಾಡತೀರಿ."

"ನೋಡಿದ್ಯಾ? ಇದ ಕ್ವಾರೆಲ್."

ಅಂಥ ಅಪ್ಪ ಸಿಕ್ಕದ್ದು ಶಿವ ನನಗೆ ಮಾಡಿದ ಮೊದಲ ದಯೆ. ಹೆಣ್ಣುಮಗಳೆಂದು ಸಾಲಿ ಬಿಡಿಸದೆ ಮ್ಯಾಟ್ರಿಕ್ ತನಕ ಓದಿಸಿದರು. ಎರಡನೆಯ ದಯೆ, ಮದುವಿಯಾಗಿ ರೋಣಕ್ಕೆ ಬಂದ ಮೇಲೆ ಸಿಕ್ಕ ಅತ್ತಿ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಬಿರುಸು ಮಾತುಗಳೇ ಜಾಸ್ತಿ ಬರುತ್ತವೆ.

ಈಗ ಸಾಲಿಗೆ ಹೊಸದಾಗಿ ಕಲಿಸಲು ಸೇರಿದ ಹುಡುಗಿಯರು ಹಬ್ಬಕ್ಕೆ ಹುಣ್ಣಿವಿಗೆ ಮನಿಗೆ ಬಂದಾಗ ಕೇಳುತ್ತಾರೆ: "ಅಕ್ಕೋರ, ನಿಮ್ಮ ಕಾಲದಾಗ ರೇಡಿಯೊ ಪಾಠ ಇಲ್ಲ, ಚಿತ್ರದ ಪುಸ್ತಕ ಇಲ್ಲ, ಇಂಗ್ಲಿಷ್ ಹ್ಯಾಂಗ ಕಲಸಿದ್ರಿ?" ಕೆಲಸ ಬಿಟ್ಟು ಕೂತವಳಿಗೆ ಇಂಥ ಪ್ರಶ್ನೆ ಕೇಳಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಯಾವ ವರ್ಷ ಯಾವ ದರ್ಜೆ ಆಯಿತು ಎಂಬುದನ್ನು ಬರೆದರೆ ಯಾರಿಗೂ ಉಪಯೋಗವಿಲ್ಲ. ಮೊದಲ ವರ್ಷದ ಮಾತನ್ನೇ ಬರೆಯುತ್ತೇನೆ. ಮುಂದಿನ ವರ್ಷಗಳಲ್ಲಿ ನಾನು ಮಾಡಿದ್ದೆಲ್ಲ ಆ ವರ್ಷ ಕಲಿತದ್ದನ್ನೇ.

ಐವತ್ತರ ದಶಕದ ನಡುವಿನ ಮಾತು. ನಾವಿನ್ನೂ ಮುಂಬೈ ಸರಕಾರದ ಕೈಯಲ್ಲಿದ್ದೆವು. ಏಳನೆಯ ಇಯತ್ತೆ ಮುಗಿದ ಮೇಲೆ ಇಂಗ್ಲಿಷ್ ಸುರು. ರೋಣದ ಹೆಣ್ಣುಮಕ್ಕಳ ಸಾಲಿಯಲ್ಲಿ ಆ ವರ್ಷ ಎಂಟನೆಯ ಇಯತ್ತೆ ತೆಗೆದರು. ಕಲಿಸಲು ಹೆಂಗಸೇ ಬೇಕು, ಇಲ್ಲದಿದ್ದರೆ ದೊಡ್ಡ ಹುಡುಗಿಯರನ್ನು ಯಾರೂ ಕಳಿಸುವುದಿಲ್ಲ. ಊರಲ್ಲಿ ಇಂಗ್ಲಿಷ್ ಓದಿದ ಹೆಂಗಸೆಂದರೆ ಸೊಸಿಯಾಗಿ ಬಂದ ನಾನೊಬ್ಬಳು. ಸಾಲಿಯ ಹಿರಿಯರು ಬಂದು ಪಡಸಾಲಿಯಲ್ಲಿ ಕೂತರು. ನನ್ನ ಯಜಮಾನರು ಹತ್ತಿ ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಬಂದಿದ್ದರೂ ಈ ಮಾತು ತೀರ್ಮಾನ ಮಾಡುವವರು ಅತ್ತಿಯೇ.

"ಕಲಸಲಿ," ಎಂದರು ಅತ್ತಿ. "ಪೂಜಾ ತಪ್ಪಬಾರದು, ರೊಟ್ಟಿ ತಪ್ಪಬಾರದು. ದೀಪಾ ಹಚ್ಚೂದರೊಳಗ ಮನಿಯಾಗಿರಬೇಕು. ಇಷ್ಟ ನೋಡ್ರಿ ನಂದು."

ಹಿರಿಯರು ಹೋದ ಮೇಲೆ ನನ್ನ ಕಡೆ ತಿರುಗಿದರು. "ಎದಿ ಹೊಡಕೊಳ್ಳಾಕತ್ತೈತೇನು? ಹೊಡಕೊಳ್ಳಲಿ ಬಿಡು. ನನಗ ಸಹಿ ಮಾಡಾಕ ಬರಂಗಿಲ್ಲ. ನನ್ನ ಸೊಸಿ ಊರಿಗೆಲ್ಲಾ ಕಲಸತಾಳ."

ಸಾಲಿಗೆ ಹೋದೆ. ಅಲ್ಲಿ ಹೆಡ್ ಮಾಸ್ತರರು. ಕಚ್ಚೆ ಧೋತರ, ಮುಚ್ಚುಗೊರಳ ಕೋಟು, ತಲೆಗೆ ರುಮಾಲು, ಕೈಯಲ್ಲಿ ಬೆತ್ತದ ಛಡಿ. ಅವರು ಛಡಿಯನ್ನು ಹುಡುಗಿಯರ ಮೇಲೆ ಎತ್ತುತ್ತಿರಲಿಲ್ಲ, ಮುಂದಿನ ಮೇಜಿನ ಮೇಲೆ ಛಟೀರೆಂದು ಇಳಿಸುತ್ತಿದ್ದರು. ಪೆಟ್ಟು ಮೇಜಿಗೆ, ನಡುಕ ಹುಡುಗಿಯರಿಗೆ. ಮನುಷ್ಯ ಕೆಟ್ಟವರಲ್ಲ. ಸಾಲಿಗೆ ಬರೀ ರೊಟ್ಟಿ ತಂದವರಿಗೆ ತಮ್ಮ ಬುತ್ತಿಯ ಚಟ್ನಿ ಹಂಚಿದವರು. ಆದರೆ ಅಂಜಿಕೆ ಇಲ್ಲದೆ ವಿದ್ಯೆ ಬರುವುದಿಲ್ಲ ಎಂಬುದು ಅವರ ನಂಬಿಗೆ.

ನಮ್ಮ ಪಾಠದ ಪುಸ್ತಕದಲ್ಲಿ ದೊಡ್ಡ ಪಾಠವೆಂದರೆ ಒಬ್ಬ ರಾಜ ಇನ್ನೊಬ್ಬ ರಾಜನ ಕೋಟೆಯನ್ನು ಮುತ್ತುವ ಕತೆ. ಅದರ ತುಂಬ ಹೊಡೆ, ಕಡಿ, ಇರಿ, ಗಾಯ, ವೈರಿ.

"ಅಕ್ಕೋರ, ಇದನ್ನ ಬಿಟ್ಟಬಿಡ್ರಿ," ಎಂದರು ಹೆಡ್ ಮಾಸ್ತರರು. "ಹೆಣ್ಣಮಕ್ಕಳಿಗೆ ಯುದ್ಧದ ಪಾಠ ಯಾಕ ಬೇಕು? ಹೂವಿನ ಪದ್ಯ ಐತಿ, ಅದನ್ನ ಕಲಸ್ರಿ."

"ದಿಪೋಟಿ ಸಾಹೇಬ್ರು ಸಾಲಿ ತಪಾಸಕ್ಕ ಬಂದಾಗ ಇದರಾಗ ಕೇಳಿದ್ರ?"

"ಕೇಳಿದ್ರ ನಾ ಅದೀನಲ್ಲ. ಛಡಿ ಹಿಡದು ಬಾಯಿಪಾಠ ಮಾಡಸತೀನಿ."

ಹೊಡೆಯುವ ಮಾತನ್ನು ಹೊಡೆತದ ಅಂಜಿಕೆಯಿಂದ ಕಲಿಸುವುದು ನನ್ನ ಮನಸ್ಸಿಗೆ ಬರಲಿಲ್ಲ. ನರಗುಂದದ ಗುಡ್ಡದ ಬುಡದಲ್ಲಿ ಬೆಳೆದವಳು ನಾನು. ನಮಗೆ ಕೋಟೆ, ಕಾಳಗ ಅಂದರೆ ಮನಿಯ ಮಾತು. ಬಿಡುವುದಿಲ್ಲ ಎಂದೆ. "ನಿಮ್ಮ ಇಚ್ಛಾ," ಎಂದು ಅವರು ಮೇಜಿಗೊಂದು ಏಟು ಕೊಟ್ಟು ಹೋದರು.

ಬಿಡುವುದಿಲ್ಲ ಎಂದದ್ದೇನೋ ಆಯಿತು, ಕಲಿಸುವುದು ಹೇಗೆ? ಹುಡುಗಿಯರು ಇಂದು ಹೇಳಿದ್ದನ್ನು ನಾಳೆ ಮರೆತು ಬರುತ್ತಿದ್ದರು. ಒಂದು ಮುಂಜಾನೆ ಲಿಂಗಪೂಜೆ ಮುಗಿಸಿ ಒಲಿಯ ಮುಂದೆ ಕೂತಿದ್ದೆ. ಅತ್ತಿ ಒಳಗಿನಿಂದ ಕೂಗಿದರು: "ಹಿಟ್ಟ್ ಎಲ್ಲಿಟ್ಟೀಯವಾ?"

ಹಿಟ್ಟ್! ಕಿವಿಗೆ ಇಂಗ್ಲಿಷ್ ಕೇಳಿಸಿತು. ಹಿಟ್ ಅಂದರೆ ಹೊಡೆ. ನಮ್ಮ ಕಡೆ ಮಾತಿನ ಕೊನೆಯ ಉಕಾರ ನುಂಗಿಬಿಡುತ್ತೇವೆ. ಹಿಟ್ಟು ಹಿಟ್ಟ್ ಆಗುತ್ತದೆ, ಬಟ್ಟಲು ಬಟ್ಟಲ್ ಆಗುತ್ತದೆ. ಕೈಯೆಲ್ಲ ಹಿಟ್ಟು ಮಾಡಿಕೊಂಡು ಒಬ್ಬಳೇ ನಕ್ಕೆ. ನಮ್ಮ ಅಡಿಗಿಮನಿಯಲ್ಲೇ ಅವರ ರಣರಂಗ ಅಡಗಿದೆ!

ಅಂದೇ ಸಾಲಿಯಲ್ಲಿ ಹೇಳಿದೆ. "ಹಿಟ್ಟಿನ ಮ್ಯಾಲ ಕೈ ಬಿತ್ತಂದ್ರ ಏನ?" "ಹಿಟ್!" "ಒಂದ ಬಟ್ಟಲ ಪಾಯಸಕ್ಕ ಅಕ್ಕ ತಂಗಿ ಗುದ್ದಾಡಿದ್ರ?" "ಬ್ಯಾಟಲ್!" ಗಾಯಕ್ಕೆ ವೂಂಡ್ ಎನ್ನುತ್ತಾರೆ. ಏಟು ಉಂಡವನಿಗೇ ವೂಂಡ್. ವೈರಿಗೆ ಎನಿಮಿ. ಹಸನಾದ ಬೆಳಿಗೆ ಬಾಯಿ ಹಾಕುವ ಎಮ್ಮಿಗಿಂತ ದೊಡ್ಡ ವೈರಿ ಯಾರು? ಯುದ್ಧಕ್ಕೆ ವಾರ್. ವಾರ ಹಿಡಿದು ಉಪವಾಸ ಇದ್ದ ದಿನ ಹೊಟ್ಟಿಯೊಳಗ ನಡೆಯುವುದು ಯುದ್ಧವೇ ತಾನೆ? ಹುಡುಗಿಯರು ಬಿದ್ದುಬಿದ್ದು ನಕ್ಕರು. ನಕ್ಕದ್ದನ್ನು ಮರೆಯಲಿಲ್ಲ. ನನಗೆ ಹೆಮ್ಮೆ, ಯಾಕೆ ಸುಳ್ಳು ಹೇಳಲಿ. ಗಂಡಸರ ಪುಸ್ತಕದ ಕೋಟೆಯನ್ನು ಒಂದು ಮೊರ ಹಿಟ್ಟಿನಿಂದ ಗೆದ್ದೆ ಅನಿಸಿತು.

ತಪಾಸ ಹತ್ತಿರ ಬಂದಾಗ ಸಾಲಿ ಬಿಟ್ಟ ಮೇಲೆ ಹುಡುಗಿಯರು ನಮ್ಮ ಪಡಸಾಲಿಗೇ ಬಂದು ಕೂಡತೊಡಗಿದರು. ಒಬ್ಬಳು ಕೂಗುವುದು, ಉಳಿದವರು ಅನ್ನುವುದು. ವಾರ್, ವಾರ್, ವಾರ್. ಅತ್ತಿ ಜಪದ ಮಣಿ ಕೈಯಲ್ಲೇ ಹಿಡಿದು ಹೊರಗೆ ಬಂದರು.

"ಯಾರ ವಾರ ಐತವಾ ಇವತ್ತ? ನನಗ ಹೇಳಬಾರದ? ನಾ ಮುಂಜಾನೆ ಉಂಡಬಿಟ್ನಿ!"

"ವಾರ ಅಲ್ರಿ ಅಮ್ಮಾರ, ಯುದ್ಧ."

"ದೀಪಾ ಹಚ್ಚೂ ಹೊತ್ನ್ಯಾಗ ಯುದ್ಧ ಅನಬ್ಯಾಡ್ರೆ! ಇಂಗ್ಲಿಷಿನ್ಯಾಗ ಅನ್ರಿ. ದೇವರಿಗೆ ತಿಳಿಯಂಗಿಲ್ಲ."

ನಮ್ಮ ಮನಿಯಲ್ಲಿ ದೀಪ ಹಚ್ಚಿದ ಮೇಲೆ ಸಾಯಿ, ಕಡಿ, ಕೊಲ್ಲು ಎನ್ನುವ ಹಾಗಿಲ್ಲ. ಅದಕ್ಕೆ ಅತ್ತಿಯೇ ದಾರಿ ಮಾಡಿಕೊಟ್ಟರು: ಅರ್ಥ ಹಗಲು ಹೊತ್ತಿನಲ್ಲಿ, ದೀಪ ಹಚ್ಚಿದ ಮೇಲೆ ಬರೀ ಇಂಗ್ಲಿಷು. ಹುಡುಗಿಯರ ನಾಲಿಗೆ ಕನ್ನಡದ ಊರುಗೋಲು ಬಿಟ್ಟು ನಡೆದದ್ದು ಹೀಗೆ. ದೇವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಂಬಿದ ಅತ್ತಿಯ ಭಕ್ತಿಯಿಂದ ನನಗೊಂದು ಪದ್ಧತಿ ಸಿಕ್ಕಿತು.

ಹಿಟ್ಟು ಬಟ್ಟಲಿನ ಪದ್ಧತಿ ಎಡವಿದ್ದೂ ಉಂಟು. ಗಿರಿಜವ್ವ ಎಂಬ ಹುಡುಗಿ, ಅಸೂಟಿಯ ಒಕ್ಕಲಿಗರ ಮಗಳು, ಭಾಳ ಚುರುಕು. ಒಂದು ಸೋಮವಾರ ಹೆಡ್ ಮಾಸ್ತರರು ಒಳಗೆ ಬಂದಾಗ ತಾನೇ ಎದ್ದು ಹೇಳಿದಳು: "ಸರ್, ಟುಡೇ ಈಸ್ ಮೈ ಮದರ್ಸ್ ವಾರ್."

ಹೆಡ್ ಮಾಸ್ತರರು ಗಾಬರಿಯಾದರು. "ನಿಮ್ಮವ್ವಂದು ಯುದ್ಧ? ಯಾರ ಜೋಡಿ?"

"ಮಲ್ಲಯ್ಯನ ಜೋಡಿ ಸರ್. ಸಂಜೀ ತನಕಾ ಏನೂ ತಿನ್ನಂಗಿಲ್ಲ."

"ಯಾವ ಮಲ್ಲಯ್ಯ? ಏನ ತಕರಾರು?"

"ದೇವರು ಮಲ್ಲಯ್ಯ ಸರ್! ವಾರ, ಸರ್, ಸೋಮವಾರ!"

ಛಡಿ ಮೇಜಿಗೆ ಇಳಿಯಿತು. ಆಮೇಲೆ ನನ್ನನ್ನು ಹೊರಗೆ ಕರೆದರು. "ಅಕ್ಕೋರ, ನಿಮ್ಮ ಹಿಟ್ಟು ಬಟ್ಟಲ ಅಡಗಿಮನ್ಯಾಗ ಇಡ್ರಿ. ದಿಪೋಟಿ ಸಾಹೇಬ್ರ ಮುಂದ ಹಿಂಗ ಅಂದ್ಲಂದ್ರ ನನ್ನ ರುಮಾಲ ಹಾರತೈತಿ."

ಅವರ ಮಾತಿನಲ್ಲಿ ಖರೇ ಇತ್ತು. ಹೊಸದಾಗಿ ಕಲಿಸಲು ಸೇರುವ ಹುಡುಗಿಯರೇ, ಇದನ್ನು ಕೇಳಿಸಿಕೊಳ್ಳಿ. ಕರಿಬೇವು ಒಗ್ಗರಣಿಗೆ ಬೇಕು, ಬಾಯಿಗೆ ಬಂದಾಗ ತೆಗೆದಿಡಬೇಕು. ಮಾತು ನೆನಪಾಗುವ ತನಕ ಹಿಟ್ಟು, ಆಮೇಲೆ ಹಿಟ್ಟು ಕೊಡವಿಬಿಡಬೇಕು. ಹಾಗಾಗಿ ಎರಡನೆಯ ಹೆಜ್ಜೆ ಹುಡುಕಿದೆ. ಪ್ರತಿ ಮಾತಿಗೂ ಹುಡುಗಿ ತಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳಬೇಕು, ಪುಸ್ತಕದ್ದಲ್ಲ. ಸುಳ್ಳು ಹೇಳುವ ಹಾಗಿಲ್ಲ.

ಮೊದಮೊದಲು ಯಾರಿಗೂ ಬಾಯಿ ಬರಲಿಲ್ಲ. ಆಮೇಲೆ ಹೊಳೆಮಣ್ಣೂರಿನ ಹುಡುಗಿ, ಬಸವ್ವ, ಎದ್ದಳು. ನಾನು ಕೊಟ್ಟ ಮಾತು ಅಟ್ಯಾಕ್, ಮೇಲೆ ಬೀಳುವುದು. ಆಕೆ ನೆಲ ನೋಡುತ್ತ ಹೇಳಿದಳು: "ದ ರಿವರ್ ಅಟ್ಯಾಕ್ಸ್ ಅವರ್ ಹೌಸ್." ಮಲಪ್ರಭೆಯ ದಂಡೆಯ ಊರು ಅದು. ಮಳಿಗಾಲದಲ್ಲಿ ಹೊಳೆ ಮನಿಯೊಳಗೇ ಬರುತ್ತದೆ. ಯಾರೂ ನಗಲಿಲ್ಲ. ನಾನು "ಕೂಡವಾ" ಎಂದೆ ಅಷ್ಟೇ. ಅಂದಿನಿಂದ ಯುದ್ಧದ ಪಾಠ ರಾಜರ ಕೈಬಿಟ್ಟು ನಮ್ಮ ಹುಡುಗಿಯರ ಕೈಗೆ ಬಂತು. ಒಬ್ಬಳ ಆಕಳು ಕಿಕ್ ಮಾಡಿತು, ಒಬ್ಬಳ ತಮ್ಮ ಪುಶ್ ಮಾಡಿದ, ಒಬ್ಬಳ ಇಬ್ಬರು ಅತ್ತಿಗೆಯರು ಡೇಲಿ ಕ್ವಾರೆಲ್ ಮಾಡಿದರು. ಆ ಅತ್ತಿಗೆಯರಲ್ಲಿ ಒಬ್ಬರು ಅದನ್ನು ಕೇಳಿ ನಮ್ಮ ಮನಿಯ ತನಕ ಬಂದು, "ಅಕ್ಕೋರ, ನಮ್ಮ ಮನಿ ಮಾತ ಇಂಗ್ಲಿಷಿನ್ಯಾಗ ಹೋಗಬಾರದ್ರಿ," ಎಂದು ಹೇಳಿಹೋದರು. ಕನ್ನಡದಲ್ಲಿ ಓಣಿಗೆಲ್ಲ ಗೊತ್ತಿದ್ದದ್ದೇ ಅದು.

ಎಲ್ಲರ ಬಾಯಿ ಬಿಚ್ಚಿತು, ಒಬ್ಬಳದನ್ನು ಬಿಟ್ಟು. ಆಕೆ ನೀಲವ್ವ.

ನೀಲವ್ವ ಗಜೇಂದ್ರಗಡದ ನೇಕಾರರ ಮಗಳು. ಅಲ್ಲಿ ಹೆಣ್ಣುಮಕ್ಕಳಿಗೆ ಮುಂದಿನ ಇಯತ್ತೆ ಇರಲಿಲ್ಲವಾಗಿ ರೋಣದಲ್ಲಿ ಚಿಗವ್ವನ ಮನಿಯಲ್ಲಿದ್ದು ಓದುತ್ತಿದ್ದಳು. ಬರೆಯಲು ಕೊಟ್ಟರೆ ಒಂದು ತಪ್ಪಿಲ್ಲ. ನಿಲ್ಲಿಸಿ ಕೇಳಿದರೆ ಪರಕರದ ಅಂಚು ಬೆರಳಿಗೆ ಸುತ್ತುತ್ತ ನಿಂತುಬಿಡುತ್ತಿದ್ದಳು. ಹುಡುಗಿಯರು "ಮೂಗಿ ನೀಲಿ" ಎನ್ನುತ್ತಿದ್ದರು.

ಆಕೆಯ ತಂದೆ ಈರಪ್ಪ ಸೀರಿಯ ಗಂಟು ಹೊತ್ತು ರೋಣದ ಸಂತಿಗೆ ಬರುತ್ತಿದ್ದರು. ತಪಾಸದ ಸುದ್ದಿ ಕೇಳಿ ಸಾಲಿಗೇ ಬಂದರು. ಒಳಗೆ ಬರ್ರಿ ಎಂದರೆ ಬರಲಿಲ್ಲ. ಬಾಗಿಲ ಹೊರಗೆ ನಿಂತೇ ಮಾತಾಡಿದರು.

"ಅಕ್ಕೋರ, ಸಾಹೇಬ್ರು ಬರೂ ದಿನಾ ನಾನೂ ಬಂದ ಕುಂದರತೀನ್ರಿ. ನನ್ನ ಮಗಳ ಬಾಯಿಂದ ಇಂಗ್ಲಿಷ್ ಬಂತಂದ್ರ ಮುಂದಿನ ವರ್ಷಾನೂ ಇರಲಿ. ಬರಲಿಲ್ಲಂದ್ರ ಕರಕೊಂಡ ಹೋಗತೀನ್ರಿ. ಮಗ್ಗದ ಕಂಡಿಕಿಗೆ ನೂಲ ಸುತ್ತಾಕ ಕೈ ಬೇಕು. ಆಕಿ ಅವ್ವಗ ಕಣ್ಣ ಸರಿಯಾಗಿ ಕಾಣವಲ್ಲವು. ಸಂಬಂಧಾನೂ ಒಂದ ಕೇಳ್ಯಾರ."

"ಬರಿಯಾಕ ಭಾಳ ಚಲೋ ಬರೀತಾಳ್ರಿ."

"ಬರದದ್ದ ನನಗ ಓದಾಕ ಬರತೈತೇನ್ರಿ? ಕಿವಿ ಅದಾವು. ಕೇಳತೀನಿ."

"ನಿಮಗ ಇಂಗ್ಲಿಷೂ ತಿಳಿಯಂಗಿಲ್ಲಲ್ರಿ."

"ತಿಳಿಯಂಗಿಲ್ಲ. ಬಾಯಿ ಬಿಟ್ಟಿದ್ದ ತಿಳೀತೈತಿ." ನಕ್ಕರು. ಆಮೇಲೆ ನಗೆ ಇಳಿಸಿ, "ಓದಿದ್ದಕ್ಕ ಬಾಯಿ ಬರಬೇಕಲ್ರಿ ಅಕ್ಕೋರ. ಸುಮ್ಮ ಕುಂದರಾಕ ನಮ್ಮ ಮಗ್ಗದ ಮನಿ ಏನ ಕಡಿಮಿ ಐತಿ?" ಎಂದರು.

ಅವರು ಹೋದ ಮೇಲೆ ಕಾಲಕಾಲೇಶ್ವರನಿಗೆ ಕೈ ಮುಗಿದೆ. ಅವನು ಆಕೆಯ ಊರಿನ ದೇವರು, ಆತನ ಜವಾಬ್ದಾರಿ ಜಾಸ್ತಿ.

ಒಂದು ಸಂಜಿ ಉಳಿದ ಹುಡುಗಿಯರು ಹೋದ ಮೇಲೆ ನೀಲವ್ವ ಒಬ್ಬಳೇ ಕೂತಿದ್ದಳು. ಅತ್ತಿ ಆಕೆಯ ಮುಂದೆ ಹತ್ತಿ ಇಟ್ಟು, "ಸುಮ್ಮ ಯಾಕ ಕುಂತಿ? ದೇವರಿಗೆ ನಾಕ ಬತ್ತಿ ಹೊಸಿ," ಎಂದರು. ನೀಲವ್ವನ ಬೆರಳು ಹತ್ತಿಯ ಮೇಲೆ ಓಡತೊಡಗಿದವು. ನೂಲಿನ ಮನಿಯ ಹುಡುಗಿ, ಬತ್ತಿ ತೆಳ್ಳಗೆ, ಒಂದೇ ಸಮ. ನಾನು ಸುಮ್ಮನೆ ಒಂದು ಮಾತು ಎಸೆದೆ: "ಪುಲ್?" ಬತ್ತಿಯಿಂದ ಕಣ್ಣೆತ್ತದೆ ಹೇಳಿದಳು: "ಐ ಪುಲ್ ದ ಥ್ರೆಡ್." ಅತ್ತಿ ನನ್ನ ಮುಖ ನೋಡಿದರು, ನಾನು ಅತ್ತಿಯ ಮುಖ ನೋಡಿದೆ. ಇನ್ನೊಂದು ಎಸೆದೆ. ಅದಕ್ಕೂ ಉತ್ತರ ಬಂತು. ಕೈಗೆ ಕೆಲಸ ಇದ್ದರೆ ಆ ಹುಡುಗಿಯ ಬಾಯಿಯ ಬೀಗ ತೆರೆಯುತ್ತಿತ್ತು. ಅಂದಿನಿಂದ ನಮ್ಮ ದೇವರ ಮುಂದೆ ಬತ್ತಿಗೆ ಬರಗಾಲ ಬರಲಿಲ್ಲ.

"ಸಾಹೇಬ್ರ ಮುಂದನೂ ಹಿಂಗ ಹೇಳತೀಯಿಲ್ಲ?" ಎಂದು ಕೇಳಿದರೆ ಮಾತ್ರ ತಲೆ ತಗ್ಗಿಸುತ್ತಿದ್ದಳು.

ತಪಾಸದ ದಿನ ಬಂತು. ದಿಪೋಟಿ ಸಾಹೇಬರು ಕನ್ನಡಕದ, ಮೆಲುಮಾತಿನ ಮನುಷ್ಯ. ಹೆಡ್ ಮಾಸ್ತರರು ಯಾವ ಹುಡುಗಿಗೆ ಯಾವ ಪ್ರಶ್ನೆ ಎಂದು ಮೊದಲೇ ಹಂಚಿ, ಉತ್ತರ ಬಾಯಿಪಾಠ ಮಾಡಿಸಿಟ್ಟಿದ್ದರು. ಸಾಹೇಬರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, "ಒಂದೊಂದು ಶಬ್ದ ಕೊಡತೀನಿ, ವಾಕ್ಯ ಮಾಡ್ರಿ," ಎಂದರು. ಹೆಡ್ ಮಾಸ್ತರರ ಮುಖದ ರಕ್ತ ಇಳಿಯಿತು. ನನ್ನ ಮನಸ್ಸಿಗೆ ಹಿಗ್ಗಾಯಿತು. ನಾನು ಕಲಿಸಿದ್ದೇ ಅದನ್ನು.

ಬಾಗಿಲ ಹೊರಗೆ ಈರಪ್ಪ ಗಂಟಿನ ಮೇಲೆ ಕೂತು ಒಳಗೆ ನೋಡುತ್ತಿದ್ದರು.

ಗಿರಿಜವ್ವನಿಗೆ ವಾರ್ ಬಂತು. ಹೆಡ್ ಮಾಸ್ತರರು ಕಣ್ಣು ಮುಚ್ಚಿದರು. ಆಕೆ ಒಂದು ಕ್ಷಣ ನನ್ನ ಕಡೆ ನೋಡಿ, ನುಂಗಿಕೊಂಡು, "ಇನ್ ಎ ವಾರ್ ಮೆನಿ ಮೆನ್ ಡೈ," ಎಂದಳು. ಶಿವನೇ ಎಂದೆ. ಬಸವ್ವ, ಉಳಿದವರು, ಎಲ್ಲರೂ ದಾಟಿದರು. ಕೊನೆಗೆ ಸಾಹೇಬರ ಬೆರಳು ನೀಲವ್ವನ ಕಡೆ ತಿರುಗಿತು.

"ಬೀಟ್."

ಬಡಿ. ಪಾಠದಲ್ಲಿ ಇದ್ದ ಮಾತೇ. ಆದರೆ ಅದಕ್ಕೆ ನನ್ನ ಅಡಿಗಿಮನಿಯಲ್ಲಿ ಜೋಡಿ ಸಿಕ್ಕಿರಲಿಲ್ಲ. ಬತ್ತಿ ಹೊಸೆಯುವಾಗಲೂ ಅದನ್ನು ಕೇಳಿದ್ದಿಲ್ಲ. ನೀಲವ್ವ ಎದ್ದು ನಿಂತಳು. ಪರಕರದ ಅಂಚು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು. ಸಾಹೇಬರು ಕಾದರು. ಹೊರಗೆ ಈರಪ್ಪ ಎದ್ದು ನಿಂತರು.

ಹೆಡ್ ಮಾಸ್ತರರು ಬಾಯಿಗೆ ಕೈ ಅಡ್ಡ ಹಿಡಿದು, "ದ ಸೋಲ್ಜರ್ಸ್... ದ ಸೋಲ್ಜರ್ಸ್ ಬೀಟ್..." ಎಂದು ಪಿಸುಗುಟ್ಟಿದರು.

ನೀಲವ್ವ ತಲೆ ಅಲ್ಲಾಡಿಸಿದಳು. ಸಿಪಾಯಿಗಳನ್ನು ಆಕೆ ನೋಡಿರಲಿಲ್ಲ. ನೋಡದ್ದನ್ನು ಹೇಳಬಾರದು ಎಂದು ನಾನೇ ಕಲಿಸಿದ್ದೆ. ಅಯ್ಯೋ, ಅಂದುಬಿಡವಾ, ಇವತ್ತೊಂದಿನ ಅಂದುಬಿಡು, ಎಂದು ನನ್ನ ಜೀವ ಒದ್ದಾಡಿತು.

"ಮೈ ಮದರ್ ಬೀಟ್ಸ್ ಬ್ರೆಡ್," ಎಂದಳು.

ಇಡೀ ಕೋಣೆ ಗೊಳ್ಳೆಂದಿತು. ಹೆಡ್ ಮಾಸ್ತರರು, "ಸಾಹೇಬ್ರ, ರೊಟ್ಟಿ ಬಡಿಯೂದು ಅನ್ನಾಕ ಹೋಗಿ..." ಎಂದು ಎದ್ದರು. ಸಾಹೇಬರು ಕೈ ಎತ್ತಿ ಅವರನ್ನು ಕೂಡಿಸಿದರು. ನೀಲವ್ವ ನಗೆಯನ್ನು ಕೇಳಿಸಿಕೊಂಡಳೋ ಇಲ್ಲವೋ. ಕಣ್ಣು ಗೋಡೆಯ ಮೇಲಿತ್ತು, ಮಾತು ನೂಲಿನ ಹಾಗೆ ಬಿಚ್ಚುತ್ತಿತ್ತು.

"ಮೈ ಫಾದರ್ ಬೀಟ್ಸ್ ದ ಲೂಮ್. ಹೆಡ್ ಮಾಸ್ಟರ್ ಬೀಟ್ಸ್ ದ ಟೇಬಲ್."

ಈ ಸಲ ಸಾಹೇಬರೇ ಮೊದಲು ನಕ್ಕರು. ಹೆಡ್ ಮಾಸ್ತರರು ಮೇಜಿನ ಮೇಲಿದ್ದ ಛಡಿಯನ್ನು ಮೆಲ್ಲಗೆ ಪುಸ್ತಕದ ಕೆಳಗೆ ಸರಿಸಿದರು. ಈ ಗದ್ದಲದೊಳಗೆ ನೀಲವ್ವ ಇನ್ನೂ ಎರಡು ಮಾತು ಹೇಳಿದಳು. ಮೊದಲ ಸಾಲಿನವರಿಗೆ, ಸಾಹೇಬರಿಗೆ, ನನಗೆ, ಇಷ್ಟೇ ಜನಕ್ಕೆ ಕೇಳಿಸಿತು.

"ಮೈ ಮದರ್ ಡಸ್ ನಾಟ್ ಬೀಟ್ ಮಿ. ಮೈ ಫಾದರ್ ಡಸ್ ನಾಟ್ ಬೀಟ್ ಮಿ."

ಸಾಹೇಬರ ನಗೆ ನಿಂತಿತು. "ಮೇಕ್ಸ್ ಬ್ರೆಡ್ ಅನ್ನಬೇಕವಾ," ಎಂದರು. "ಆದರ ನಮ್ಮ ಮನಿಯಾಗೂ ಬಡಿಯೂದ. ಕೂಡು. ಭಾಳ ಚಲೋ ಹೇಳಿದಿ."

ಆದರೆ ಆಕೆ ಕೂಡುವ ಮೊದಲೇ ಈರಪ್ಪ ಹೊಸ್ತಿಲು ದಾಟಿ ಒಳಗೆ ಬಂದಿದ್ದರು. ಅವರು ಕಂಡದ್ದೇನು? ಮಗಳು ಬಾಯಿ ಬಿಟ್ಟಳು, ಎಲ್ಲರೂ ನಕ್ಕರು. ಮತ್ತೆ ಬಾಯಿ ಬಿಟ್ಟಳು, ದೊಡ್ಡ ಸಾಹೇಬರೂ ನಕ್ಕರು.

"ಸಾಕವಾ. ನಡಿ. ನಾಕ ಮಂದ್ಯಾಗ ನಗಿಸಿಕೊಂಡದ್ದ ಸಾಕು," ಎಂದು ಕೈ ಹಿಡಿದು ಕರೆದುಕೊಂಡು ಹೊರಟರು. ಆ ಹುಡುಗಿ ಅವರ ಹಿಂದೆ ನಡೆದಳು.

ತಪಾಸದ ನಡುವೆ ತರಗತಿ ಬಿಟ್ಟು ಹೋಗುವ ಹಾಗಿಲ್ಲ. ನಾನು ಸಾಹೇಬರ ಮುಖ ನೋಡಿದೆ. ಅವರು "ಹೋಗಿ ಬರ್ರಿ, ಲಗೂ," ಎಂದರು. ಅದೂ ಅಂದಿನ ಒಂದು ದಯೆ. ಸೆರಗು ಸರಿಮಾಡಿಕೊಂಡು ಓಡಿದೆ. ಬೇವಿನ ಗಿಡದ ಹತ್ತಿರ ಸಿಕ್ಕರು.

"ಈರಪ್ಪನವರ, ನಿಂದರ್ರಿ. ನಿಮ್ಮ ಮಗಳು ಏನ ಅಂದ್ಲು ಗೊತ್ತೈತೇನ್ರಿ?"

"ಏನಂದ್ರೂ ನಗು ಬರೂವಂಥಾದ್ದ ಅಂದಿರಬೇಕು."

"ಸಾಹೇಬ್ರು ನಕ್ಕಿದ್ದು ಹೆಡ್ ಮಾಸ್ತರರ ಸುದ್ದಿಗೆರಿ. ಮೇಜ ಬಡೀತಾರ ಅಂದ್ಲು."

ಅವರು ನಿಂತರು. "ಹಂಗಂದ್ಲ? ಅವರ ಎದರಿಗೇ?"

"ಅವರ ಎದರಿಗೇ. ಅವ್ವ ರೊಟ್ಟಿ ಬಡೀತಾಳ, ಅಪ್ಪ ಮಗ್ಗ ಬಡೀತಾನ ಅಂದ್ಲು. ಅದಕ್ಕ ಇನ್ನೆರಡ ಮಾತ ಕೂಡಿಸಿದ್ಲು: ನಮ್ಮವ್ವ ನನಗ ಬಡಿಯಂಗಿಲ್ಲ, ನಮ್ಮಪ್ಪ ನನಗ ಬಡಿಯಂಗಿಲ್ಲ. ಆಗ ಸಾಹೇಬ್ರು ನಗಲಿಲ್ರಿ. ಭಾಳ ಚಲೋ ಹೇಳಿದಿ ಅಂದ್ರು."

ಈರಪ್ಪ ಗಂಟನ್ನು ಕೆಳಗಿಟ್ಟರು. ಮಗಳ ಕಡೆ ತಿರುಗಿದರು. ಆಮೇಲೆ, ನನಗೆ ಕೇಳಿಸಬಾರದು ಎಂಬಂತೆ, ಸಣ್ಣ ದನಿಯಲ್ಲಿ ಅಂದರು:

"ನೀಲಾ, ನೀ ಸಣ್ಣಾಕಿ ಇದ್ದಾಗ ಒಮ್ಮಿ ಬಡದೇನಲ್ಲವಾ. ಮಗ್ಗದ ಎಳಿ ಹರದಿ ಅಂತ. ಮರತೀಯೇನು?"

"ನೆನಪೈತಿ," ಎಂದಳು ನೀಲವ್ವ.

"ಮತ್ತ ಸಾಹೇಬ್ರ ಮುಂದ ಸುಳ್ಳ ಹೇಳಿದ್ಯಲ್ಲ?"

"ಸುಳ್ಳಲ್ಲಪಾ. ಹಿಂದ ಆದದ್ದಕ್ಕ ಡಿಡ್ ನಾಟ್ ಅಂತಾರ. ಹಂಗಂದ್ರ ಸುಳ್ಳಾಗತಿತ್ತು. ನಾ ಡಸ್ ನಾಟ್ ಅಂದೆ. ಈಗ ಬಡಿಯಂಗಿಲ್ಲ ಅಂತ ಅಷ್ಟ."

ಡಸ್, ಡಿಡ್ ಎಂದು ಹಲಗಿಯ ಮೇಲೆ ಎಷ್ಟು ಸಲ ಬರೆದು ಒರೆಸಿದ್ದೆನೋ. ಎಲ್ಲರೂ ಸುಮ್ಮನೆ ತಲೆ ಆಡಿಸಿದ್ದರು. ಈ ಹುಡುಗಿ ಗಾಬರಿಯಲ್ಲಿ ನಿಂತು, ನೂರು ಕಣ್ಣಿನ ಮುಂದೆ, ಅಪ್ಪನಿಗೆ ಅನ್ಯಾಯವಾಗದ ಹಾಗೆ, ತನ್ನ ಬಾಯಿಂದ ಸುಳ್ಳು ಬೀಳದ ಹಾಗೆ, ಒಂದು ಸಣ್ಣ ಮಾತನ್ನು ಆರಿಸಿಕೊಂಡಿದ್ದಳು. ಮುಂದೆ ನನ್ನ ಕೈಯಲ್ಲಿ ಎಷ್ಟೋ ಹುಡುಗಿಯರು ಪಾಸಾದರು, ಕೆಲವರು ನನಗಿಂತ ಚೆನ್ನಾಗಿ ಇಂಗ್ಲಿಷ್ ಮಾತಾಡಿದರು. ಆದರೆ ನಾನು ಕಲಿಸುವವಳು ಹೌದು ಎಂದು ನನಗೆ ಖರೇ ಅನಿಸಿದ್ದು ಆ ಬೇವಿನ ಗಿಡದ ಬುಡದಲ್ಲಿ.

ಈರಪ್ಪ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡರು. ಬಿಸಿಲಿಗೆ ಎಂದುಕೊಳ್ಳಲಿ ಎಂದು ಒಮ್ಮೆ ಮೇಲೆ ನೋಡಿದರು.

"ಹಿಂದಿಂದಕ್ಕ ಬ್ಯಾರೆ, ಈಗಿಂದಕ್ಕ ಬ್ಯಾರೆ. ಹೌದಲ್ರಿ ಅಕ್ಕೋರ?"

"ಹೌದ್ರಿ."

"ಅಂದ್ರ ಮುಂದಿಂದಕ್ಕೂ ಬ್ಯಾರೆ ಇರಬೇಕು?"

"ಐತ್ರಿ. ಅದು ಮುಂದಿನ ಪುಸ್ತಕದಾಗ ಬರತೈತ್ರಿ."

ಗಂಟು ಎತ್ತಿ ಹೆಗಲಿಗೇರಿಸಿದರು. ಮಗಳ ಕೈಯನ್ನು ಮಾತ್ರ ಮತ್ತೆ ಹಿಡಿಯಲಿಲ್ಲ.

"ಹಂಗಾರ ಅದನ್ನೂ ಕಲಸ್ರಿ," ಎಂದು ಹೇಳಿ ಗಜೇಂದ್ರಗಡದ ಬಸ್ಸಿಗೆ ಒಬ್ಬರೇ ಹೋದರು.